ಖಾಲಿ ಪೆಟ್ಟಿಗೆಯಲ್ಲಿ ಕೆಂಪು ಹುಡುಕುವ ಗೋದಕ್ಕ

ಮಧ್ಯಾಹ್ನದ ಊಟ ಮುಗಿದ ಮೇಲೆ ಕಡಬ ಪೇಟೆಗೆ ಒಂದು ತೂಕಡಿಕೆ ಬರುತ್ತದೆ. ನಮ್ಮ ಅಂಗಡಿಯಲ್ಲಿ ಫ್ಯಾನು ಮಾತ್ರ ಎಚ್ಚರವಿರುತ್ತದೆ. ಇರುವುದು ಒಂದೇ ಕೋಣೆ. ಬಾಗಿಲ ಬಳಿ ನನ್ನ ಜೆರಾಕ್ಸ್ ಮೆಷಿನು, ಒಳಗೆ ಗೋಡೆಯ ಹತ್ತಿರ ಗೋದಾವರಿ ಅಕ್ಕನ ಕಂಪ್ಯೂಟರು. ನಾನು ಸುಹರಾ, ಬಾಯಿ ಸ್ವಲ್ಪ ಜೋರು. ಗೋದಕ್ಕ ತಣ್ಣಗಿನ ಜನ. ಊರಿಗೆಲ್ಲ ಮದುವೆ ಕಾಗದ ಟೈಪ್ ಮಾಡಿಕೊಟ್ಟವರು ತಮಗೊಂದು ಮಾಡಿಕೊಳ್ಳಲಿಲ್ಲ. ಕೇಳಿದರೆ, "ಪುರುಸೊತ್ತೇ ಆಗ್ಲಿಲ್ಲ ಮಾರಾಯ್ತಿ" ಎಂದು ನಗುತ್ತಿದ್ದರು.

ಮದುವೆ ಕಾಗದವನ್ನು ಯಾರೂ ಹೊಸದಾಗಿ ಬರೆಯುವುದಿಲ್ಲ. ಹಳೆಯ ಮದುವೆಯದ್ದನ್ನು ತೆರೆದು ಹೆಸರು ಬದಲಿಸುವುದು, ಅಷ್ಟೇ. ಎಡವಟ್ಟಾಗುವುದೂ ಅಲ್ಲೇ. ಒಮ್ಮೆ ಗುತ್ತಿಗಾರಿನ ಮೇದಪ್ಪ ಎಂಬ ಹುಡುಗನ ಕಾಗದ ಮಾಡಬೇಕಿತ್ತು. ಹಳೆಯ ಕಾಗದದ ವರ ರವಿ. ಗೋದಕ್ಕ ರವಿ ಇದ್ದಲ್ಲೆಲ್ಲ ಮೇದಪ್ಪ ಬರಲಿ ಎಂದು ಒಂದೇ ಏಟಿಗೆ ಬದಲಿಸಿಬಿಟ್ಟರು. ರವಿವಾರ ಹೋಗಿ ಮೇದಪ್ಪವಾರ ಆಯಿತು! ಅಚ್ಚಾಗಿ ಬಂದ ಮೇಲೆ ಗೊತ್ತಾದದ್ದು. ಮದುಮಗ ಮಾತ್ರ ಖುಷಿಯಲ್ಲಿದ್ದ. "ನನ್ನ ಹೆಸರಲ್ಲಿ ಒಂದು ವಾರವೇ ಆಯ್ತಲ್ಲ ಅಕ್ಕ" ಎಂದ. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಗೋದಕ್ಕ ನಗಲಿಲ್ಲ.

ಮರುದಿನದಿಂದ ಅವರು ಪರದೆಯಲ್ಲಿ ಶಬ್ದ ಹುಡುಕಿ ಬದಲಿಸುವ ಆ ಪೆಟ್ಟಿಗೆಯನ್ನು ಹಿಡಿದು ಕೂತರು. ನಾವೆಲ್ಲ ಯಾವುದು ಹೋಗಬೇಕು, ಯಾವುದು ಬರಬೇಕು ಎಂಬ ಮೇಲಿನ ಎರಡು ಗೆರೆ ತುಂಬಿಸಿ ಗುಂಡಿ ಒತ್ತುವವರು. ಅವರು ಕೆಳಗೆ ಬಚ್ಚಿಟ್ಟುಕೊಂಡಿದ್ದದ್ದನ್ನೆಲ್ಲ ತೆರೆದು ನೋಡಿದರು. ಇಡೀ ಶಬ್ದವನ್ನು ಮಾತ್ರ ಹುಡುಕು ಎಂದು ಹೇಳಲಿಕ್ಕೆ ಒಂದು ಚೌಕ ಇತ್ತು. ಕಾಪಿ ಮಾಡಿಟ್ಟ ಚಿತ್ರವನ್ನು ಬೇಕಾದಲ್ಲೆಲ್ಲ ತಂದು ಕೂರಿಸುವ ಒಂದು ಗುರುತೂ ಸಿಕ್ಕಿತು. ಅಲ್ಲಿಂದ ಮೇಲೆ ಕಾಗದದ ಸುತ್ತಲಿನ ಅದೇ ಚಿತ್ರದ ಅಂಚು ಒಬ್ಬರಿಗೆ ದೀಪದ್ದು, ನೆಲ್ಯಾಡಿಯವರಿಗೆ ಶಿಲುಬೆಯದ್ದು, ನಮ್ಮವರಿಗೆ ಚಂದ್ರನದ್ದು.

ಅವರಿಗೆ ತುಂಬ ಇಷ್ಟವಾದದ್ದು ಬೇರೆಯೇ. ಹುಡುಕುವ ಜಾಗದಲ್ಲಿ ಏನೂ ಬರೆಯುವುದು ಬೇಡ. ಖಾಲಿ ಬಿಟ್ಟು, ಕೆಳಗೆ ಬಣ್ಣ ಕೆಂಪು ಎಂದಷ್ಟೇ ಹೇಳಿದರೆ ಸಾಕು, ಕಾಗದದಲ್ಲಿ ಕೆಂಪಾಗಿರುವ ಶಬ್ದಗಳು ಒಂದೊಂದಾಗಿ ಎದುರಿಗೆ ಬಂದು ನಿಲ್ಲುತ್ತವೆ. ಅವರು ಹಳೆಯ ಕಾಗದಗಳ ಹೆಸರು, ಊರು, ದಿನ ಎಲ್ಲವನ್ನೂ ಕೆಂಪು ಮಾಡಿಟ್ಟರು. ಹೊಸ ಹೆಸರು ಕೂರಿಸಿ, ಕೊನೆಗೆ ಮತ್ತೊಂದು ಸುತ್ತು ಹೋಗಿ ಕೆಂಪನ್ನೆಲ್ಲ ಕಪ್ಪು ಮಾಡುವರು. "ಎಂತ ಹುಡುಕುದೂಂತ ಗೊತ್ತಿಲ್ಲದಿದ್ರೂ ಸಿಗ್ತದೆ ನೋಡು ಸುಹರಾ" ಎಂದು ಆ ದಿನ ಪರದೆಯನ್ನೇ ನೋಡುತ್ತ ಕೂತಿದ್ದರು. ನನಗೂ ಅದೊಂದು ಕನಸಿನಂತೆ ಕಂಡಿತ್ತು.

ಕಳೆದ ವರ್ಷ ಗೋದಕ್ಕನಿಗೆ ಸ್ಟ್ರೋಕ್ ಆಯಿತು. ಪುತ್ತೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬಲಗೈ ಸೋತಿತು, ಮಾತು ಹೋಯಿತು. ಉಳಿದದ್ದು ಒಂದೇ ಶಬ್ದ, ಬಸ್ಸು. ನೀರು ಬೇಕಾದರೂ ಬಸ್ಸು, ಫ್ಯಾನು ಹಾಕಬೇಕಾದರೂ ಬಸ್ಸು. ನಾನು ನೋಡಲು ಹೋದಾಗ ನನ್ನ ಮುಖವನ್ನು ತುಂಬ ಹೊತ್ತು ನೋಡಿ, "ಬಸ್ಸು" ಎಂದರು. ಅವರ ತಮ್ಮ ಪ್ರೇಮನಾಥ ನನ್ನನ್ನು ಹೊರಗೆ ಕರೆದು, "ಗುರುತು ಸಿಗ್ತದೋ ಇಲ್ವೋ, ನಮಗೂ ಗೊತ್ತಾಗುದಿಲ್ಲ" ಎಂದ. ಮನೆಗೆ ಬಂದು ಗಂಡನಿಗೆ ಸುಮ್ಮನೆ ಬೈದೆ.

ಅಷ್ಟರಲ್ಲಿ ನನ್ನ ಮಗಳು ಆಫ್ರಾಳ ಮದುವೆ ನಿಶ್ಚಯವಾಯಿತು. ಆಫ್ರಾ ಸಣ್ಣವಳಿದ್ದಾಗ ಗೋದಕ್ಕನ ಮಡಿಲಲ್ಲೇ ಕೂತು ಕೀಬೋರ್ಡ್ ಕುಟ್ಟಿದವಳು. "ನಿನ್ನ ಮದುವೆ ಕಾಗದ ನಾನೇ ಮಾಡುದು" ಎಂದು ಅವರು ಅವಳಿಗೆ ಎಷ್ಟು ಸಲ ಹೇಳಿದ್ದರೋ.

"ಪುತ್ತೂರಲ್ಲೇ ಕೊಡುವ, ಬೇಗ ಆಗ್ತದೆ" ಎಂದರು ನನ್ನ ಗಂಡ ಅಬೂಬಕರ್.

"ಅಚ್ಚು ಪುತ್ತೂರಲ್ಲೇ ಆಗ್ಲಿ. ಟೈಪ್ ಮಾಡುದು ಗೋದಕ್ಕ."

"ನಿನಗೆ ಮಂಡೆ ಸಮ ಉಂಟಾ? ಅವರಿಗೆ ನೀನು ಯಾರೂಂತಲೇ ಗೊತ್ತಿಲ್ಲ."

ಅದೇ ಅಲ್ಲವೇ ನನಗೆ ಗೊತ್ತಾಗಬೇಕಾದದ್ದು. ಅವರೊಳಗೆ ನಾನು ಉಂಟೋ ಇಲ್ಲವೋ ಎಂಬುದು ತಿಳಿಯದೆ ನನಗೆ ಮಗಳ ಮದುವೆಯ ಸಂಭ್ರಮವೂ ಹತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪ್ರೇಮನಾಥ ಅಕ್ಕನನ್ನು ಆಟೋದಲ್ಲಿ ಕರೆತಂದ. ನಾನು ಮೌಸನ್ನು ಎಡಗಡೆಗೆ ಸರಿಸಿ, ಹಳೆಯ ಕಾಗದವೊಂದನ್ನು ತೆರೆದು, ನಮ್ಮೆಲ್ಲರ ಹೆಸರು, ಊರು, ದಿನ ಎಲ್ಲ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಎದುರಿಗಿಟ್ಟೆ. ಗೋದಕ್ಕ ಸುಮ್ಮನೆ ಕೂತರು. ಫ್ಯಾನು ತಿರುಗುತ್ತಿತ್ತು. ಹೊರಗೆ ಬಿಸಿಲು ಬೆಳ್ಳಗೆ ಮಲಗಿತ್ತು. ಎಷ್ಟು ಹೊತ್ತಾಯಿತೋ, ನನಗೂ ಕಣ್ಣು ಎಳೆಯುತ್ತಿತ್ತು. ಆಗ ಅವರ ಎಡಗೈ ಎದ್ದು ಎರಡು ಕೀ ಒಟ್ಟಿಗೆ ಒತ್ತಿತು. ಪೆಟ್ಟಿಗೆ ತೆರೆಯಿತು. ಹುಡುಕುವ ಜಾಗವನ್ನು ಅವರು ಖಾಲಿಯೇ ಬಿಟ್ಟರು. ಕೆಳಗೆ ಹೋಗಿ ಕೆಂಪು ಆರಿಸಿದರು.

ಯಾ ಅಲ್ಲಾಹ್!

ಹಳೆಯ ಕಾಗದದ ಮದುಮಗಳ ಹೆಸರು ಕೆಂಪಾಗಿ ಎದುರಿಗೆ ಬಂತು. ಗೋದಕ್ಕ ನನ್ನ ಚೀಟಿ ನೋಡಿ ಒಂದೊಂದೇ ಅಕ್ಷರ ಒತ್ತಿ ಅಲ್ಲಿ ಆಫ್ರಾಳನ್ನು ಕೂರಿಸಿದರು. ಹೀಗೇ ಮದುಮಗ, ಊರು, ದಿನ, ಅಬೂಬಕರ್, ನಾನು. ಎಲ್ಲ ಕೆಂಪು ಕೆಂಪಾಗಿ ತೇಲುತ್ತಿದ್ದೆವು. ಆಮೇಲೆ ಎರಡನೆಯ ಸುತ್ತು. ಒಂದೊಂದು ಹೆಸರಿನ ಬಳಿಯೂ ನಿಂತು, ಬದಲಿಸು ಎಂಬಲ್ಲಿ ಒತ್ತಿ ಕಪ್ಪು ಮಾಡುತ್ತ ಹೋದರು.

ಮುಗಿಸಿ ಕೈ ಮಡಿಲಿಗೆ ಹಾಕಿದಾಗ ನೋಡಿದರೆ, ಸುಹರಾ ಎಂಬುದು ಕೆಂಪಾಗಿಯೇ ಉಳಿದಿತ್ತು.

"ಗೋದಕ್ಕ, ಒಂದು ಬಾಕಿ ಉಂಟು" ಎಂದೆ.

ಅವರು ಬೇಡವೆಂದು ತಲೆ ಅಲ್ಲಾಡಿಸಿದರು. ನಾನೇ ಮೌಸಿಗೆ ಕೈ ಹಾಕಿದೆ. ಅವರು ನನ್ನ ಕೈ ಮೇಲೆ ಪಟ್ಟನೆ ಹೊಡೆದರು, ಹಿಂದೆ ಕೆಲಸದ ನಡುವೆ ಬಾಯಿ ಹಾಕಿದಾಗ ಹೊಡೆಯುತ್ತಿದ್ದ ಹಾಗೆಯೇ. ಮತ್ತೆ ಬೆರಳನ್ನು ಪರದೆಯ ಮೇಲೆ ಆ ಕೆಂಪು ಹೆಸರಿಗೆ ಇಟ್ಟರು. ಅದೇ ಬೆರಳನ್ನು ತಂದು ನನ್ನ ಎದೆಗೆ ಒತ್ತಿದರು.

"ಬಸ್ಸು" ಎಂದರು, ನಗುತ್ತ.

"ಹೌದು ಮಾರಾಯ್ರೆ, ನಾನೇ ಬಸ್ಸು" ಎಂದು ಅವರ ಹೆಗಲಿಗೆ ಮುಖ ಇಟ್ಟು ಅತ್ತೆ. ಪ್ರೇಮನಾಥ ಬಾಗಿಲ ಕಡೆ ತಿರುಗಿ ನಿಂತ.

ಮರುದಿನ ಪುತ್ತೂರಿನ ಪ್ರೆಸ್ಸಿನವರ ಫೋನು ಬಂತು. "ಇಲ್ಲಿ ಒಂದು ಹೆಸರು ಮಾತ್ರ ಕೆಂಪು ಉಂಟಲ್ಲ, ತೆಗೀಲಿಕ್ಕೆ ಮರೆತದ್ದಾ?"

"ಮರೆತದ್ದಲ್ಲ, ನೆನಪಾದದ್ದು" ಎಂದೆ. "ಕೆಂಪೇ ಇರ್ಲಿ."