ಅಮಾವಾಸ್ಯೆಯ ಪ್ರಾರ್ಥನೆಗೆ ಸೇಲಂಗೆ

ಬಂಗಾರಪೇಟೆಗೆ ಬೆಳಿಗ್ಗೆ ಏಳಕ್ಕೆ ಬರಬೇಕಿದ್ದ ಪ್ಯಾಸೆಂಜರ್ ಗಾಡಿ ಎಂಟೂಕಾಲಿಗೆ ಬಂತು. ನನ್ನ ಕೈಚೀಲದಲ್ಲಿ ಎರಡು ಸೀರೆ, ಬೈಬಲ್, ಬುತ್ತಿಗೆ ಚಿತ್ರಾನ್ನ, ಮತ್ತೆ ಒಂದು ಫಾರಂ. ಪ್ರಯಾಣವೆಲ್ಲ ಆ ಫಾರಂಗಾಗಿಯೇ. ನಮ್ಮ ಕ್ರೈಸ್ತ ಸಭೆಯ ಸಮಿತಿಯವರು ಊರೂರಿನ ಸಣ್ಣ ಪ್ರಾರ್ಥನಾ ಗುಂಪುಗಳಿಗೆ ದೂರದ ಒಂದೊಂದು ಜನಾಂಗವನ್ನು ಹಂಚಿಕೊಟ್ಟಿದ್ದರು. ಸೇಲಂನ ಕನ್ನಡ ಗುಂಪಿಗೆ ಬಂದದ್ದು ಪಶ್ಚಿಮ ಆಫ್ರಿಕದ ಮಾಲಿ ದೇಶದ ಫುಲಾನಿ ಜನ. ಮೂರು ತಿಂಗಳಿಗೊಮ್ಮೆ ಅಲ್ಲಿರುವ ಮಿಷನ್ ಸೇವಕರಿಂದ ಬರುವ ಪತ್ರವನ್ನು ನಾನೇ ಕನ್ನಡಕ್ಕೆ ಮಾಡಿ ಕಳಿಸುತ್ತಿದ್ದೆ. ಈಗ ಸಮಿತಿಗೆ ದೂರು ಬಂದಿತ್ತು: ಸೇಲಂನವರು ನಿಯಮದಂತೆ ವಾರಕ್ಕೊಮ್ಮೆ ಸೇರುವುದಿಲ್ಲ, ತಿಂಗಳಿಗೊಂದೇ ಸಲ ಸೇರುತ್ತಾರೆ, ಅದೂ ಹಿಂದೂಗಳ ಹಾಗೆ ಅಮಾವಾಸ್ಯೆಯ ದಿನ. ಹೋಗಿ ನೋಡಿ, ನಿಜವಾದರೆ ಪಟ್ಟಿಯಿಂದ ತೆಗೆಯಿರಿ, ಪತ್ರ ನಿಲ್ಲಿಸೋಣ ಎಂದು ನನ್ನನ್ನು ಕಳಿಸಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಾಜರಿ ಕರೆದವಳು ನಾನು; ಇಂಥ ಕೆಲಸಕ್ಕೆ ತಕ್ಕವಳೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಜೋಲಾರಪೇಟೆಯಲ್ಲಿ ಗಾಡಿ ಬದಲಿಸಲು ಎರಡು ಗಂಟೆ ಕಾದೆ. ಫೆಬ್ರವರಿಯಲ್ಲೇ ಬಿಸಿಲು ಚುರುಗುಟ್ಟುತ್ತಿತ್ತು. ಮೊರಪ್ಪೂರಿನಲ್ಲಿ ನಿಂತಾಗ ಕಿಟಕಿಯ ಹೊರಗೆ ಇಬ್ಬರು ಹೆಂಗಸರು ಹುಣಿಸೆಹಣ್ಣಿನ ಮೂಟೆಯ ಮೇಲೆ ಕೂತು ಕನ್ನಡದಲ್ಲಿ ಜಗಳವಾಡುತ್ತಿದ್ದರು. ಬೈಗುಳ ಬಂದಾಗ ಮಾತ್ರ ತಮಿಳಿಗೆ ಹೊರಳುತ್ತಿದ್ದರು. ಸೇಲಂ ಸೇರಿದಾಗ ಸಂಜೆ ನಾಲ್ಕು. ಗುಂಪಿನ ಹಿರಿಯರಾದ ಗ್ರೇಸಮ್ಮ ಸ್ಟೇಷನ್ನಿಗೇ ಬಂದಿದ್ದರು. ಅವರು ಮೂಲತಃ ಕೋಲಾರದ ಕಡೆಯವರು, ನರ್ಸಾಗಿದ್ದು ನಿವೃತ್ತರಾದವರು. ದಾರಿಯಲ್ಲಿ ತಟ್ಟುವಡೆ ಕೊಡಿಸಿದರು. ಎರಡು ವಡೆಯ ನಡುವೆ ಬೀಟ್‌ರೂಟ್ ತುರಿ, ಖಾರದ ಚಟ್ನಿ. ಬಾಯಿ ಉರಿಯುತ್ತಿದ್ದರೂ ಬಿಡದೆ ಕೇಳಿದೆ, "ದೂರು ನಿಜವಾ?"

"ನಿಜ," ಎಂದರು ಗ್ರೇಸಮ್ಮ. "ನಾಳೆ ಅಮಾವಾಸ್ಯೆ. ಬಂದು ನೋಡಿ, ಆಮೇಲೆ ಬರ್ಕೊಳ್ಳಿ."

ಮರುದಿನ ಬೆಳಿಗ್ಗೆ ನೇಕಾರರ ಬೀದಿಗೆ ಹೋದೆವು. ಮನೆಗೊಂದು ಮಗ್ಗವಿರುವ ಬೀದಿ, ಆದರೆ ಲಾಳಿಯ ಸದ್ದೇ ಇಲ್ಲ. ಅಮಾವಾಸ್ಯೆಯ ದಿನ ಇಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಮಿಕ್ಕ ದಿನ ಹೆಂಗಸರಿಗೆ ನೂಲಿನ ಕಂಡಿಕೆ ಸುತ್ತುವುದು, ಗಂಜಿ ಹಾಕುವುದು, ನೇಯುವುದು; ಕೂರಲು ಪುರಸೊತ್ತಿರುವುದು ಈ ಒಂದೇ ದಿನ. ದೂರಿನ ಅರ್ಧ ಅಲ್ಲೇ ಕರಗಿತು. ಇನ್ನರ್ಧ ಗುಂಪು ಸೇರುವ ಚೌಡಮ್ಮನ ಮನೆಯೊಳಗೆ ಕಾದಿತ್ತು. ಐವತ್ತೈದರ ಆಸುಪಾಸಿನ ನೇಕಾರ ಹೆಂಗಸು, ಹಣೆಯಲ್ಲಿ ಕಾಸಗಲ ಕುಂಕುಮ. ಮಗ್ಗಕ್ಕೆ ಅರಿಸಿನ ಹಚ್ಚಿ ಹೂ ಏರಿಸಿದ್ದಳು. ಗೋಡೆಯ ಮೇಲೆ ಮನೆದೇವತೆಯ ಪಟ, ಅದರ ಕೆಳಗೆ ಗಂಜಿಯಿಂದ ಅಂಟಿಸಿದ ನಮ್ಮ ಸಮಿತಿಯ ಕಾರ್ಡು. ಅದರಲ್ಲಿ ಗೇಣಗಲದ ಪಟ್ಟಿ ನೇಯುತ್ತಿರುವ ಒಬ್ಬ ಫುಲಾನಿ ನೇಕಾರನ ಫೋಟೊ.

ಚಾಪೆಯ ಮೇಲೆ ಏಳು ಜನ ಕೂತಿದ್ದರು. ಗ್ರೇಸಮ್ಮನೂ ಸೇರಿ ಮೂವರು ಕ್ರೈಸ್ತರು. ಚೌಡಮ್ಮನೂ ಸೇರಿ ನಾಲ್ವರು ಆ ಬೀದಿಯ ಹಿಂದೂ ಮನೆಯವರು. ನನ್ನ ಫಾರಂನಲ್ಲಿ 'ದೀಕ್ಷಾಸ್ನಾನವಾದವರು' ಎಂಬ ಕಲಂ ಮಾತ್ರ ಇತ್ತು. ಈ ನಾಲ್ವರನ್ನು ಎಲ್ಲಿ ಬರೆಯುವುದು ಎಂದು ಯೋಚಿಸುತ್ತ ಕೂತೆ. ಗ್ರೇಸಮ್ಮ ಸುವಾರ್ತೆಯ ಒಂದು ಭಾಗ ಓದಿ, ಆ ಜನಕ್ಕಾಗಿ ಯೇಸುವಿನ ಹೆಸರಿನಲ್ಲಿ ಬೇಡಿದರು. ಬಳಿಕ ಚೌಡಮ್ಮ ಕಾರ್ಡಿನ ಕಡೆ ತಿರುಗಿ, "ಸಾಮಿ, ಆ ವಯ್ಯನ ಕಾಲು ವಾಸಿ ಮಾಡಪ್ಪ. ಮಗ್ಗ ನಿಂತೋದ್ರೆ ಮಕ್ಳು ಏನ್ ತಿಂದಾವು, ಪಾವಂ," ಎಂದಳು. ಆಮೇಲೆ ನನ್ನತ್ತ ನೋಡಿದಳು.

"ಟೀಚರಮ್ಮ, ಲೆಟ್ರು ಬರೆಯೋರು ನೀವು ತಾನೇ? ಯಾವ ಕಾಲು?"

ನನಗೆ ತಟ್ಟನೆ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ಹಿಂದಿನ ಪತ್ರದಲ್ಲಿ ಒಂದು ಸಾಲಿತ್ತು: ಫೋಟೊದಲ್ಲಿರುವ ನೇಕಾರನಿಗೆ ನಾರುಹುಣ್ಣಾಗಿದೆ, ಕಾಲಿನಿಂದ ಹುಳು ಹೊರಬರುತ್ತಿದೆ, ಮಗ್ಗ ನಿಂತಿದೆ. ನಾನೇ ಅದನ್ನು ಕನ್ನಡಕ್ಕೆ ಮಾಡಿ, ಮುಂದಿನ ಸಾಲಿಗೆ ಹೋಗಿದ್ದೆ.

"ಅದು ಬರೆದಿರಲಿಲ್ಲಮ್ಮ," ಎಂದೆ.

"ಮೂರು ಅಮಾಸೆಯಿಂದ ಎಲ್ಡೂ ಕಾಲಿಗೂ ಕೇಳ್ತಾ ಇವ್ನಿ. ಯಾವುದು ಅಂತ ತಿಳಿದ್ರೆ ಆ ಕಾಲಿಗೇ ಕೇಳ್ಬೋದು."

ಅವಳು ಸೀರೆ ತುಸು ಎತ್ತಿ ತನ್ನ ಎಡಗಾಲಿನ ಹರಡಿನ ಮೇಲಿದ್ದ ಬಿಳಿಯ ಕಲೆ ತೋರಿಸಿದಳು. "ಚಿಕ್ಕೋಳಾಗಿದ್ದಾಗ ನಂಗೂ ಬಂದಿತ್ತು, ನಮ್ಮೂರ ಬಾವಿ ನೀರಿಂದ. ಬಾವಿ ನೋಡ್ತೀರಾ? ಇವತ್ತು ಮಗ್ಗ ಇಲ್ಲ, ಬತ್ತೀನಿ."

ಗ್ರೇಸಮ್ಮನ ಮನೆಯಲ್ಲಿ ಅನ್ನ ಸಾರು ಉಂಡು ಮಧ್ಯಾಹ್ನದ ಗಾಡಿಗೆ ಚೌಡಮ್ಮನ ಜೊತೆ ಮೊರಪ್ಪೂರಿಗೆ ಬಂದೆ. ಅಲ್ಲಿಂದ ಕಂಬೈನಲ್ಲೂರಿನ ಬಸ್ಸು. ಮುಕ್ಕಾಲು ಗಂಟೆ ನಿಂತೇ ಬಂದೆವು. ಇಳಿದ ಮೇಲೆ ರಾಗಿ ಕೊಯ್ದ ಹೊಲಗಳ ನಡುವೆ ಎರಡು ಮೈಲಿ ನಡಿಗೆ. ಅವಳ ತವರೂರಿನ ಅಂಚಿನಲ್ಲಿ ಮೆಟ್ಟಿಲಿಳಿದು ನೀರು ತುಂಬುವ ಹಳೆಯ ಬಾವಿಯಿತ್ತು. ಈಗ ಬಾಯಿಗೆ ಮುಳ್ಳು ಹಾಕಿದ್ದರು, ಪಕ್ಕದಲ್ಲೇ ಕೈಪಂಪು.

ಚೌಡಮ್ಮ ಮೂರನೆಯ ಮೆಟ್ಟಿಲನ್ನು ತೋರಿಸಿದಳು. "ಉರಿ ತಡೀನಾರ್ದೆ ಅಲ್ಲಿ ಕೂತು ಕಾಲು ನೀರಾಗೆ ಬಿಟ್ಕೊಂಡಿರ್ತಿದ್ದೆ. ತಣ್ಣಗೆ ಆಯ್ತಿತ್ತು. ಹುಳದ ಮರಿಯೆಲ್ಲಾ ನೀರಿಗೆ ಓಗ್ತವೆ ಅಂತ ಯಾರ್ ಏಳಿದ್ರು? ಆ ನೀರೇ ಕುಡ್ದು ಮರು ವರ್ಸ ನನ್ ತಂಗಿಗೆ ಬಂತು. ಮೊಳಕಾಲಲ್ಲಿ. ಸಾಯೋಗಂಟ ಕುಂಟ್ತಾನೇ ಇದ್ಲು. ಅಪ್ಪುರಂ ಎಷ್ಟೋ ವರ್ಸಕ್ಕೆ ಗ್ರೇಸಮ್ಮ ಏಳಿದ್ ಮ್ಯಾಲೆ ಗೊತ್ತಾಗಿದ್ದು, ಅದು ನನ್ ಕಾಲಿಂದ್ಲೇ ಅಂತ."

"ನೀನು ಮಗು ಆಗಿದ್ದೆ, ಚೌಡಮ್ಮ."

"ಆಗಿದ್ದೆ. ಆದ್ರೂ ಕಾಲು ನಂದೇ ತಾನೇ?"

ಮಡಿಲಿನಿಂದ ಅವಳು ಮಡಿಚಿದ ಒಂದು ಬಟ್ಟೆ ತೆಗೆದಳು. ತಾನೇ ನೇಯ್ದದ್ದು, ಒತ್ತು ನೇಯ್ಗೆ. ಬೆಳಕಿಗೆ ಹಿಡಿದರೆ ಒಂದು ಸಂದೂ ಕಾಣಲಿಲ್ಲ. "ಇದ್ರಾಗೆ ನೀರು ಸೋಸಿ ಕುಡಿದ್ರೆ ಹುಳ ಬರಲ್ಲ. ಆ ವಯ್ಯನ ಮನೇಗೆ ಕಳ್ಸಿ. ಕಾಲು ಬಾವೀಗೆ ಬಿಡಬ್ಯಾಡ ಅಂತ್ಲೂ ಬರೀರಿ."

ಗುಂಪುಗಳು ಪ್ರಾರ್ಥನೆಯನ್ನಲ್ಲದೆ ಬೇರೇನೂ ಕಳಿಸಬಾರದೆಂಬ ನಿಯಮ ನಮ್ಮ ಸಮಿತಿಯಲ್ಲಿದೆ. ಅದನ್ನು ಬರೆದವಳೂ ನಾನೇ. ಬಟ್ಟೆಯನ್ನು ಬೈಬಲ್ಲಿನ ಪಕ್ಕದಲ್ಲಿಟ್ಟುಕೊಂಡೆ.

ಹೊತ್ತಿಳಿಯುವ ಮುಂಚೆ ಮೊರಪ್ಪೂರಿಗೆ ಮರಳಿದೆವು. ನನ್ನದು ಜೋಲಾರಪೇಟೆಯ ಗಾಡಿ, ಅವಳದು ಸೇಲಂ ಕಡೆಯದು. ನನ್ನ ಗಾಡಿ ಮೊದಲು ಬಂತು. ಅವಳು ಕಿಟಕಿಯ ಸರಳು ಹಿಡಿದು, "ಲೆಟ್ರು ನಿಲ್ಲಿಸ್ಬ್ಯಾಡಿ ಟೀಚರಮ್ಮ. ಅವನ ಕಾಲು ಏನಾಯ್ತು ಅಂತ ತಿಳೀಬೇಕು," ಎಂದಳು. ಗಾಡಿ ಹೊರಟ ಮೇಲೂ ಸ್ವಲ್ಪ ದೂರ ಪಕ್ಕದಲ್ಲೇ ನಡೆದಳು.

ಬೆಳಕಿರುವಾಗಲೇ ಫಾರಂ ತೆಗೆದೆ. ಸೇರುವ ದಿನ: ಅಮಾವಾಸ್ಯೆ. ದೀಕ್ಷಾಸ್ನಾನವಾದವರು: ಮೂವರು. ಅದರ ಪಕ್ಕದಲ್ಲಿ ಗೆರೆ ಎಳೆದು ನಾನೇ ಹೊಸ ಕಲಂ ಮಾಡಿದೆ. ಪ್ರಾರ್ಥಿಸುವವರು: ಏಳು. ಶಿಫಾರಸು: ಪತ್ರ ಮುಂದುವರಿಯಲಿ. ಇಷ್ಟು ವರ್ಷ ದಿನಾ ಮೊಣಕಾಲೂರಿ ಆ ಜನಕ್ಕಾಗಿ ಬೇಡಿದವಳು ನಾನು, ಒಂದು ದಿನವೂ ಅವರಲ್ಲಿ ಒಬ್ಬನ ಬಗ್ಗೆ ಏನನ್ನೂ ಕೇಳಿರಲಿಲ್ಲ. ನಾಚಿಕೆಯಾಯಿತು. ಫಾರಂನ ಕೊನೆಯಲ್ಲಿ, ಅಲ್ಲಿರುವ ಸೇವಕರಿಗೆ ಗುಂಪಿನಿಂದ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಜಾಗ ಬಿಟ್ಟಿತ್ತು. ಯಾವ ಗುಂಪಿನವರೂ ಅದನ್ನು ತುಂಬಿದ್ದು ನಾನು ನೋಡಿಲ್ಲ. ಗಾಡಿಯ ಕುಲುಕಾಟದಲ್ಲಿ ಅಕ್ಷರ ಸೊಟ್ಟಗಾಗದಂತೆ ನಿಧಾನವಾಗಿ ಬರೆದೆ: ಯಾವ ಕಾಲು?