ಸಿಕೋಯಾ ಸಸಿಗೆ ಬಂಗುಡೆ ನೀರು

೧೯೯೦ರ ಬೇಸಿಗೆ. ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಆಫೀಸಿಗೆ ಕಫೀಲ್, ಎಂದರೆ ನನ್ನ ವೀಸಾಕ್ಕೆ ಹೊಣೆಯಾದ ಅರಬ್ ಮಾಲೀಕ, ಅಮೆರಿಕದಿಂದ ಒಂದು ಸಿಕೋಯಾ ಸಸಿ ತಂದಿಟ್ಟ. ಗೇಣುದ್ದ, ಮುಟ್ಟಿದರೆ ಚುಚ್ಚುವ ನೀಲಿ-ಹಸಿರು ಎಲೆಗಳು. ಮತ್ತೆ ಎರಡು ವಾರಕ್ಕೆ ಹೊರಟವನು, ಇದು ಬದುಕಿರಲಿ, ಬಂದಮೇಲೆ ನೀನು ಈ ದೇಶದಲ್ಲಿರಲು ಬೇಕಾದ ಇಕಾಮಾದ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದ. ತಮಾಷೆಗೆ ಅಂದನೋ ಏನೋ. ನನಗೆ ಮಾತ್ರ, ಸಹಿ ಬೀಳದೆ ಹೆಂಡತಿ ಮಕ್ಕಳೊಂದಿಗೆ ಗಂಟುಮೂಟೆ ಕಟ್ಟುವ ದೃಶ್ಯ ಆಗಲೇ ಕಣ್ಣಿಗೆ ಕಟ್ಟಿತು.

ಸಸಿಯ ಜೊತೆ ಬಂದಿದ್ದ ಪುಸ್ತಿಕೆಯನ್ನು ಬಾಯಿಪಾಠ ಮಾಡಿದೆ. ದೊಡ್ಡದಾದರೆ ತೊಗಟೆ ಎರಡು ಅಡಿ ದಪ್ಪ, ನಾರುನಾರು, ರಾಳ ಕಡಿಮೆ. ಕಾಡ್ಗಿಚ್ಚಿಗೂ ಸುಲಭಕ್ಕೆ ಬಗ್ಗುವುದಿಲ್ಲವಂತೆ. ಕಾಯಿಗಳು ವರ್ಷಗಟ್ಟಲೆ ಹಸಿರಾಗಿಯೇ ಬಾಯಿ ಮುಚ್ಚಿ ಕುಳಿತಿದ್ದು, ಬೆಂಕಿಯ ಬಿಸಿ ತಾಗಿದಾಗ ಒಣಗಿ ಬಿರಿದು, ಅವಲಕ್ಕಿ ಚೂರಿನಷ್ಟೇ ಇರುವ ಬೀಜ ಉದುರಿಸುತ್ತವಂತೆ. ಅಷ್ಟೆತ್ತರದ ಮರ ಬೆಳೆದು ನಿಂತಮೇಲೆ ಅದಕ್ಕೆ ತಾಯಿಬೇರೇ ಇಲ್ಲ, ಎಲ್ಲ ಮೇಲೆಮೇಲೆಯೇ ಹರಡುವುದು. ಇಂಥ ಗಟ್ಟಿಪಿಂಡವನ್ನು ನಾನೇನು ಕೆಡಿಸಿಯೇನು ಎಂದುಕೊಂಡೆ. ವಾರದೊಳಗೆ ತುದಿ ಕಂದಿತು.

ನಾವಿದ್ದ ಫಿಂಟಾಸಿನ ಫ್ಲಾಟಿನಲ್ಲಿ ಹೆಂಡತಿಗೆ ಹೇಳಿದೆ. ಊರಿನಲ್ಲಿ ಮಲ್ಲಿಗೆ ಬೆಳೆದ ಕೈ ಅವಳದು.

"ಬರೀ ನೀರು ಹಾಕಿದ್ರೆ ಸಾಕಾ ಮಾರಾಯ್ರೆ? ಬಂಗುಡೆ ತೊಳೆದ ನೀರು ಹಾಕಿ. ನಮ್ಮ ಮಲ್ಲಿಗೆ ಹೇಗೆ ಬರ್ತಿತ್ತು, ನೆನಪುಂಟಲ್ಲ?"

ಬುಧವಾರ ಸಂಜೆ ಬಾಟಲಿಯಲ್ಲಿ ಒಯ್ದು ಸುರಿದೆ. ಒಂದು ಸಾಲದೆಂಬ ಭಯಕ್ಕೆ ಎರಡು ಬಾಟಲಿ. ಗುರುವಾರ, ಶುಕ್ರವಾರ ರಜೆ. ಏಸಿ ಆರಿಸಿ ಬಾಗಿಲು ಹಾಕಿದ್ದರು.

ಶನಿವಾರ ಬಾಗಿಲು ತೆರೆದರೆ ವಾಸನೆ ಮುಖಕ್ಕೆ ಮೆತ್ತಿಕೊಂಡಿತು. ಕುಂಡದ ಮಣ್ಣು ಮಿಸುಕುತ್ತಿತ್ತು. ಬಿಳಿ ಹುಳುಗಳು, ಬೂದು ಬೂಷ್ಟು, ನೀರಿನೊಂದಿಗೆ ಹೋದ ಮೀನಿನ ಕರುಳಿನ ಚೂರು. ಕಾಂಡವನ್ನು ಮುಟ್ಟಿದೆ, ಸಿಪ್ಪೆ ಲೋಳೆಯಾಗಿ ಬೆರಳಿಗೇ ಬಂತು. ಅಗರಬತ್ತಿ ಹಚ್ಚಿದೆ. ಕೊಳೆತ ಬಂಗುಡೆಗೆ ಪೂಜೆ ಮಾಡಿದಂತಾಯಿತು. ನನ್ನ ಮೇಲೆ ನನಗೇ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಅಷ್ಟರಲ್ಲಿ ಕಫೀಲ್ ಬಂದ. ಬಾಗಿಲಲ್ಲೇ ನಿಂತು ತಲೆವಸ್ತ್ರದ ತುದಿಯನ್ನು ಮೂಗಿಗೆ ಒತ್ತಿಕೊಂಡ. ಬಿಸಿಲಿನ ಮೇಲೆ, ಏಸಿಯ ಮೇಲೆ ಹೊರಿಸಲು ಎರಡು ಸುಳ್ಳು ಸಿದ್ಧವಿಟ್ಟುಕೊಂಡಿದ್ದೆ. ಆದರೆ ಬಾಯಿಂದ ಬಂದದ್ದು ಬಂಗುಡೆ ನೀರಿನ ನಿಜ ಸಂಗತಿ. ನಮ್ಮೂರಲ್ಲಿ ಮಲ್ಲಿಗೆಗೆ ಹೀಗೇ ಮಾಡುವುದು ಎಂದೂ ಸೇರಿಸಿದೆ.

"ಭಾಯಿ, ಝಾಡ್ ಮಛಲಿ ಖಾತಾ?" ಮರ ಮೀನು ತಿನ್ನುತ್ತದೆಯೇ ಎಂದು ತನ್ನ ಅರೆಬರೆ ಹಿಂದಿಯಲ್ಲಿ ಕೇಳಿದ.

ಅವನು ಒಳಗೆ ಕಾಲಿಡದೆ ಇಕಾಮಾದ ಕಾಗದಕ್ಕೆ ಕೈಚಾಚಿದ. ನನ್ನದೇ ಪೆನ್ನು ತೆಗೆದುಕೊಂಡು, ಹೊರಗಿನ ಗೋಡೆಗೆ ಒತ್ತಿ, ಉಸಿರು ಬಿಗಿಹಿಡಿದು ಸಹಿ ಗೀಚಿ, ಇದನ್ನು ಈಗಲೇ ಎಸೆದು ಬಾ ಎಂದು ಸನ್ನೆ ಮಾಡಿದ. ನಾನು ಕಾಗದವನ್ನು ಜೇಬಿಗಿಟ್ಟು ಕುಂಡ ಹೊತ್ತು ಬಾಗಿಲು ದಾಟುತ್ತಿದ್ದಂತೆ, ಅವನು ಆ ಪೆನ್ನನ್ನು ಎರಡೇ ಬೆರಳಲ್ಲಿ ಹಿಡಿದು ಆ ಹುಳುಗಳ ಮೇಲೆ ಬಿಟ್ಟು, ಕೈ ತೊಳೆಯಲು ಹೋದ.