ಹನುಮಂತರಾಜುವಿನ ಪೋರ್ಟು ಪಂಚಾಯ್ತಿ

ಶ್ರೀರಾಂಪುರದ ದಾಳಿಂಬೆ ಬೆಳೆಗಾರರ ಸಂಘದ ಸರ್ವರ್ ನೋಡಿಕೊಳ್ಳುವ ಹನುಮಂತರಾಜು ಯಾವುದನ್ನೂ ಬಿಸಾಕದ ಮನುಷ್ಯ. ಅವನ ಮೇಜಿನ ಕೆಳಗೆ ಬಾಲ ಕಿತ್ತುಹೋದ ಮೌಸುಗಳ ಸಂಸಾರವೇ ಇದೆ. ಹೋದ ಬೇಸಿಗೆಯಲ್ಲಿ ತೂಕದ ಚೀಟಿಗೆ ಹೊಸ ಪ್ರೋಗ್ರಾಂ ಬಂದಾಗ, ಹಳೆಯದನ್ನು ಅಳಿಸಪ್ಪಾ ಎಂದರೆ, "ಇಷ್ಟು ವರ್ಷ ದುಡಿದೈತೆ, ಮಲಗಿರ್ಲಿ ಬಿಡ್ರಿ" ಎಂದು ಬರೀ ನಿಲ್ಲಿಸಿ ಬಿಟ್ಟಿದ್ದ.

ಸರ್ವರನ್ನು ಅವನು ಆಫ್ ಮಾಡುವುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿದರೆ ಹಬ್ಬ ಮುಗಿಯುವವರೆಗೆ ಮುಟ್ಟುವುದಿಲ್ಲ. ಈ ಸಲ ಹಬ್ಬ ಕಳೆದು ಗುಂಡಿ ಒತ್ತಿದರೆ ಸರ್ವರ್ ಎದ್ದಿತು, ಹೊಸ ಪ್ರೋಗ್ರಾಂ ಏಳಲಿಲ್ಲ. ಹೊರಗೆ ಲಾರಿ ನಿಂತಿತ್ತು. ಚೀಟಿ ಇಲ್ಲದೆ ಡ್ರೈವರ್ ಕ್ರೇಟ್ ಮುಟ್ಟುವಂತಿಲ್ಲ. ಮಧ್ಯಾಹ್ನ ಕಳೆದರೆ ಹಿರಿಯೂರಿನ ಲೋಡಿಗೆ ಹೊರಟುಬಿಡುತ್ತಾನೆ. ಬೆಳೆಗಾರ ದೊಡ್ಡತಿಮ್ಮಪ್ಪನ ಹಣ್ಣು ಬಿಸಿಲಲ್ಲಿ ಕಾಯುತ್ತಿತ್ತು.

"ಲೇ ರಾಜು, ಕುಂಕುಮ ಒಳಗೋಗೈತೆ ನೋಡು," ಎಂದ ದೊಡ್ಡತಿಮ್ಮಪ್ಪ.

ಹನುಮಂತರಾಜು ನಂಬಿಯೇಬಿಟ್ಟ. ಹಳೇ ಬನೀನು ತಂದು ಕುಂಕುಮ ಒರೆಸಿದ, ಹೂ ತೆಗೆದ. ಸರ್ವರ್ ಬೋಳಾಯಿತೇ ಹೊರತು ಪ್ರೋಗ್ರಾಂ ಏಳಲಿಲ್ಲ.

"ಪರದೆ ಮೇಲೆ ಏನೋ ಬಂದೈತಲ್ಲ, ಓದ್ರಿ ರಾಜಣ್ಣ," ಎಂದಳು ಚೀಟಿ ಹರಿದುಕೊಡುವ ಸುಚಿತ್ರಾ.

"ಎಂಟು ಸಾವಿರದ ಎಂಬತ್ತನೇ ಪೋರ್ಟು ಖಾಲಿ ಇಲ್ಲ ಅಂತೈತೆ."

"ದುರ್ಗದಾಗೆ ಫೋರ್ಟು ಐತೆ. ಪೋರ್ಟು ಎಲ್ಲಿಂದ ಬಂತು?"

"ಕಿಟಕಿ ಅಂದ್ಕಳಮ್ಮ. ಒಂದೊಂದು ಪ್ರೋಗ್ರಾಮಿಗೆ ಒಂದೊಂದು ನಂಬರಿನ ಕಿಟಕಿ. ಒಂದರಾಗೆ ಇಬ್ರು ಕೂರಂಗಿಲ್ಲ."

"ಈಗ ಯಾರು ಕುಂತವ್ರೆ?"

ಟೈಪಿಸಿ ನೋಡಿದ. ಮುಖ ಸಣ್ಣದಾಯಿತು. ಕುಂತದ್ದು ಹಳೇ ಪ್ರೋಗ್ರಾಂ. ಅದನ್ನು ನಿಲ್ಲಿಸಿದ್ದನೇ ಹೊರತು, ಸರ್ವರ್ ಚಾಲೂ ಆದಾಗ ನೀನು ಏಳಬೇಡ ಎಂದು ಹೇಳಿಟ್ಟಿರಲಿಲ್ಲ. ಪೂಜೆ ಮುಗಿಸಿ ಸರ್ವರ್ ಕಣ್ಣುಬಿಟ್ಟ ಕೂಡಲೇ ಅದು ಹಳೇ ನೌಕರನ ಹಾಗೆ ಎಲ್ಲರಿಗಿಂತ ಮೊದಲು ಬಂದು, ಈಗ ಹೊಸದಕ್ಕೆ ಕೊಟ್ಟಿದ್ದ ತನ್ನ ಹಳೇ ಕಿಟಕಿ ಹಿಡಿದಿತ್ತು.

"ಅಳಿಸಿ ಹಾಕ್ರಿ," ಎಂದಳು ಸುಚಿತ್ರಾ.

"ಪಾಪ ಅಲ್ವಾ?"

"ನನ್ನ ಹಣ್ಣು ಪಾಪ ಅಲ್ವೇನಲೇ?" ಎಂದ ದೊಡ್ಡತಿಮ್ಮಪ್ಪ. ಹೊರಗೆ ಲಾರಿ ಹಾರನ್ ಹೊಡೆಯಿತು.

ಹನುಮಂತರಾಜು ಹಳೆಯದನ್ನು ಆ ಕಿಟಕಿಯಿಂದ ಎಬ್ಬಿಸಿ, ಅದರ ಹೆಸರಿಗೆ ಪಕ್ಕದ ಎಂಟು ಸಾವಿರದ ಎಂಬತ್ತೊಂದನೇ ಕಿಟಕಿ ಬರೆದುಕೊಟ್ಟು, ಹೊಸದನ್ನು ಚಾಲೂ ಮಾಡಿದ. ಚೀಟಿ ಗರ್ ಎಂದು ಹೊರಬಂತು.

"ಎಂಬತ್ತೊಂದಕ್ಕೆ ಯಾರು ಬರ್ತಾರೆ ರಾಜಣ್ಣ?"

"ಯಾರೂ ಬರಲ್ಲ. ಸುಮ್ನೆ ಕುಂತಿರ್ತೈತೆ."

ದೊಡ್ಡತಿಮ್ಮಪ್ಪನ ಕ್ರೇಟುಗಳನ್ನು ಹೊತ್ತು ಲಾರಿ ಹೊರಟಾಗ ಹನುಮಂತರಾಜು ಕುಂಕುಮದ ಬಟ್ಟಲು ಹುಡುಕುತ್ತಿದ್ದ. ಸರ್ವರಿನ ಮೇಲೆ ಒರೆಸಿದ ಜಾಗದಲ್ಲೇ ಮತ್ತೆ ಕುಂಕುಮ ಇಟ್ಟ, ಮೊದಲಿಗಿಂತ ಸ್ವಲ್ಪ ದೊಡ್ಡದಾಗಿ.